ಹೊಸ ವಿಂಡೋಸ್, ಹಳೆಯ ಕನ್ನಡ: ಅರ್ಧಕ್ಕೆ ನಿಂತ ಒಂದು ನವೀಕರಣ

2000ದ ಆಸುಪಾಸಿನಲ್ಲಿ ದುಬೈ, ಅಬುಧಾಬಿಗಳಿಗೆ ಬಂದು ನೆಲೆಸಿದ ನಮ್ಮ ಅನೇಕ ಕುಟುಂಬಗಳ ಕಪಾಟಿನಲ್ಲಿ ಇಂದಿಗೂ ಒಂದೆರಡು ಹಳೆಯ ಸಿ.ಡಿ.ಗಳು ಇದ್ದೇ ಇವೆ. ರಾಜ್ಯೋತ್ಸವಕ್ಕೆಂದು ಬರೆದ ಕಿರುನಾಟಕ, ಊರಿನ ಹಿರಿಯರಿಗೆ ಬರೆದ ಪತ್ರ, ಸ್ಮರಣ ಸಂಚಿಕೆಗೆ ಕೊಟ್ಟ ಲೇಖನ ಅವುಗಳಲ್ಲಿವೆ. ಇಂದಿನ ಗಣಕಯಂತ್ರದಲ್ಲಿ ತೆರೆದು ನೋಡಿದರೆ ಅಲ್ಲಿ ಕನ್ನಡವೇ ಇಲ್ಲ. 'ಕನ್ನಡ' ಎಂಬ ಮೂರಕ್ಷರದ ಪದ ಇರಬೇಕಾದೆಡೆ ಏಳು ಚಿಹ್ನೆಗಳು ನಿಂತಿರುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಪುನಃ ಆ ಎ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಿದವರು ಎಷ್ಟು ಮಂದಿಯೋ! ವಾಸ್ತವವಾಗಿ ಅದು ಕೆಟ್ಟಿಲ್ಲ.

ಕಾರಣ ತಿಳಿಯಬೇಕಾದರೆ ತುಸು ಹಿಂದೆ ಹೋಗಬೇಕು. ವಿಂಡೋಸ್ 98ಕ್ಕೆ ಕನ್ನಡವೆಂಬ ಲಿಪಿಯೊಂದಿದೆ ಎಂಬುದೇ ತಿಳಿದಿರಲಿಲ್ಲ. ಆದ್ದರಿಂದ ನಮ್ಮವರು ಉಪಾಯವೊಂದನ್ನು ಕಂಡುಕೊಂಡರು. ಒಂದು ಫಾಂಟಿನಲ್ಲಿರುವ 256 ಸ್ಥಾನಗಳಲ್ಲಿ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಬದಲಿಗೆ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. ಯಂತ್ರವು ತಾನು ಪಿ ಎಂದೇ ತಿಳಿಯುತ್ತಿತ್ತು; ನಮ್ಮ ಕಣ್ಣಿಗೆ ಅದು ಕಕಾರದ ದೇಹವಾಗಿ ಕಾಣುತ್ತಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂದದ್ದು ಹೀಗೆ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯದೂ ಇದೇ ದಾರಿ. ಅದರ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿತ್ತು. ಪತ್ರಿಕಾಲಯಗಳ ಶ್ರೀಲಿಪಿ, ಆಕೃತಿಗಳದು ಬೇರೆ ಬೇರೆ ಸಂಕೇತಗಳು. ಇದನ್ನು ಇಂದು ಹಳಿಯುವುದು ಸುಲಭ. ಆದರೆ ಈ ಉಪಾಯವಿಲ್ಲದಿದ್ದರೆ ಮರಳುಗಾಡಿನ ಈ ಅಂಚಿನಲ್ಲಿ ಕುಳಿತು ಒಂದು ಪುಟ ಕನ್ನಡವನ್ನೂ ಮುದ್ರಿಸಲು ಆಗುತ್ತಿರಲಿಲ್ಲ ಎಂಬುದನ್ನು ನಾವು ಮರೆಯಲಾರೆವು.

ಈ ನಡುವೆ ಸರಿಯಾದ ದಾರಿಯೂ ಸಿದ್ಧವಾಗುತ್ತಿತ್ತು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೋಷ್ಟಕ ದೊರೆತಿತ್ತು. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಡನೆ ಅದನ್ನು ಮನೆಮನೆಗೆ ತಂದಿತು. ಆದರೆ ಆ ಸೌಲಭ್ಯ ತಾನಾಗಿ ಜಾಗೃತವಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪ್ರಾದೇಶಿಕ ಆಯ್ಕೆಗಳಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತು. ಇಲ್ಲದಿದ್ದರೆ ಒತ್ತುಗಳು ಅಕ್ಷರದಡಿ ಸೇರದೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಸ್ವಾರಸ್ಯವೆಂದರೆ ಆ ಚೌಕ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗೂ ಭಾರತೀಯ ಲಿಪಿಗಳಿಗೂ ಒಂದೇ ಆಗಿತ್ತು. ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಅಂಗಡಿಯವನು ಅರಬ್ಬಿಗಾಗಿ ಯಂತ್ರವನ್ನು ಸಜ್ಜುಗೊಳಿಸಿದ್ದರೆ, ತನಗೇ ಅರಿವಿಲ್ಲದೆ ಕನ್ನಡಕ್ಕೂ ಬಾಗಿಲು ತೆರೆದಿರುತ್ತಿದ್ದ.

ಅದೇ ಅರಬ್ಬಿ ಇನ್ನೊಂದು ತೊಡಕನ್ನೂ ತಂದಿತು. ಯೂನಿಕೋಡ್ ಅರಿಯದ ತಂತ್ರಾಂಶಗಳಿಗೆ ಅರಬ್ಬಿಯೇ ಭಾಷೆಯೆಂದು ನಿಗದಿಪಡಿಸಿದ ಯಂತ್ರದಲ್ಲಿ ನುಡಿಯ ಬರಿ ಪಠ್ಯವನ್ನು ತೆರೆದರೆ, ಐರೋಪ್ಯ ಚಿಹ್ನೆಗಳ ಜಾಗದಲ್ಲಿ ಅರಬ್ಬಿ ಅಕ್ಷರಗಳು ಬಂದು ಕೂರುತ್ತವೆ. 'ಕನ್ನಡ'ದ ನಕಾರದ ಒತ್ತು ಅಲ್ಲಿ ಅರಬ್ಬಿಯ ಕಾಫ್ ಆಗುತ್ತದೆ! ಬೆಂಗಳೂರಿನಲ್ಲಿ ಕಾಣದ ಈ ರೋಗಲಕ್ಷಣ ನಮ್ಮ ಕಡೆಯದು.

ಹೀಗೆ ಯಂತ್ರದ ನವೀಕರಣ ಯಶಸ್ವಿಯಾಯಿತು, ಕನ್ನಡದ್ದು ಅರ್ಧಕ್ಕೆ ನಿಂತಿತು. ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದಾಗಲೆಲ್ಲ ಹಳೆಯ ಫಾಂಟುಗಳು ಅಳಿದವು, ಕಡತಗಳು ಮೂಕವಾದವು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತ ಮೇಲೆ ಹಳೆಯ ಯಂತ್ರಗಳೂ ಮೂಲೆ ಸೇರಿದವು.

ಚಿಕಿತ್ಸೆಯ ವಿಚಾರ. ವೈದ್ಯರಾದ ನಮಗೆ ಕಲಿಸುವ ಮೊದಲ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ: ಹಾನಿ ಮಾಡಬಾರದು. ಮೂಲ ಕಡತವನ್ನು ಮುಟ್ಟದೆ ಪ್ರತಿಯೊಂದನ್ನು ಮಾಡಿಕೊಳ್ಳಬೇಕು. ವರ್ಡ್ ಕಡತವಾದರೆ ಯಾವ ಫಾಂಟಿನಲ್ಲಿ ಬರೆದದ್ದೆಂಬ ಹೆಸರು ಅದರಲ್ಲಿ ಉಳಿದಿರುತ್ತದೆ. ಆ ಫಾಂಟನ್ನು ಮತ್ತೆ ಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ಅಲ್ಲಿಯವರೆಗೆ ತಿದ್ದಲು ಹೋಗಬಾರದು. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದಾಗಿಸುವ ವರ್ಡಿನ ಅಭ್ಯಾಸ ಇಲ್ಲಿ ಅಪಾಯಕಾರಿ. ನುಡಿಯಲ್ಲಿ ಚಿಕ್ಕ ಕ್ಯೂ ಡಕಾರವಾದರೆ ದೊಡ್ಡ ಕ್ಯೂ 'ಕಿ'. 'ಡಾ.' ಎಂದು ಆರಂಭವಾಗುವ ಸಾಲಿನ ಗತಿಯನ್ನು ಓದುಗರೇ ಊಹಿಸಬಹುದು.

ಅನಂತರ ಯೂನಿಕೋಡಿಗೆ ಪರಿವರ್ತನೆ. ಇದಕ್ಕೆ ಸ್ವಯಂಸೇವಕರು ರಚಿಸಿದ ಉಚಿತ ಪರಿವರ್ತಕಗಳಿವೆ. ಅವರ ಶ್ರಮ ಸಣ್ಣದಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಕೊನೆಗೆ ಬರೆಯುತ್ತಾರೆ; ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರುತ್ತದೆ. 'ಸಾಮರ್ಥ್ಯ' ಎಂಬಲ್ಲಿ ಪರಿವರ್ತಕವು ಅರ್ಕಾವತ್ತನ್ನು ಎತ್ತಿ, ಯಕಾರದ ಒತ್ತನ್ನೂ ಥಕಾರವನ್ನೂ ದಾಟಿಸಿ ಹಿಂದಕ್ಕೆ ಒಯ್ಯಬೇಕು. 'ರ‍್ಯಾಂಕ್' ಎಂಬುದರಲ್ಲಿ ಹಾಗೆ ಮಾಡಬಾರದು. ಅಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ನಡುವೆ ಇಡಬೇಕು.

ಪರಿವರ್ತಕ ಎಡವುವುದು ಮಿಶ್ರ ಬರಹದಲ್ಲಿ. ಆರೋಗ್ಯ ಲೇಖನದ ನಡುವೆ ಪ್ಯಾರಾಸಿಟಮಾಲ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ, ಬರಿ ಪಠ್ಯದಲ್ಲಿ ಅದರ ಪಿಯನ್ನೂ ಕಕಾರವೆಂದೇ ಯಂತ್ರ ಬಗೆಯುತ್ತದೆ. ಔಷಧದ ಹೆಸರು ಅರ್ಥವಿಲ್ಲದ ಕನ್ನಡವಾಗಿ, ಪಕ್ಕದ ಪ್ರಮಾಣ ಮಾತ್ರ ಉಳಿಯುತ್ತದೆ. ಅಂಥ ಪುಟಗಳಿಗೆ ಮುದ್ರಿತ ಪ್ರತಿಯಿದ್ದರೆ ಅದನ್ನು ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಬೇಕು. ಇಲ್ಲದಿದ್ದರೆ ಬರೆದವರನ್ನೇ ಕೇಳಬೇಕು, ಅವರು ಇನ್ನೂ ನಮ್ಮ ನಡುವೆ ಇರುವಾಗಲೇ.