ಬಾಲಸಾಹಿತ್ಯವೂ ಗೆಳೆಯರ ಬಲವೂ

ಗ್ರಂಥರಚನೆಗೆ ಪ್ರತಿಭೆಯೊಂದೇ ಸಾಕೆಂದು ನಂಬುವವರು ಬಹುಮಂದಿ. ಪ್ರತಿಭೆಯು ಬೀಜವೆಂಬುದು ದಿಟವೆ. ಆದರೆ ಬೀಜಕ್ಕೆ ನೆಲವೂ ನೀರೂ ಬೇಕಷ್ಟೆ. ಬರೆದುದನ್ನು ಕೇಳುವವರು, ತಿದ್ದುವವರು, ಅಚ್ಚು ಹಾಕಿಸುವವರು, ಕೊಂಡು ಓದುವವರು ಇಲ್ಲದೆ ಹೋದರೆ ಎಂತಹ ಬರಹವೂ ಪೆಟ್ಟಿಗೆಯ ತಳದಲ್ಲಿ ಗೆದ್ದಲಿಗೆ ಆಹಾರವಾಗುವುದು. ಮಕ್ಕಳಿಗಾಗಿ ಬರೆಯುವವನ ಕಷ್ಟವಂತೂ ಇನ್ನೂ ಹೆಚ್ಚಿನದು. ಅವನ ಓದುಗರ ಕೈಯಲ್ಲಿ ಕಾಸಿಲ್ಲ. ಪಂಡಿತರ ಸಭೆಯಲ್ಲಿ ಅವನ ಕೃತಿಗೆ ಮಣೆಯಿಲ್ಲ. ಅಂತಹ ಸಾಹಿತ್ಯವು ದಕ್ಷಿಣ ಕನ್ನಡ ಸೀಮೆಯಲ್ಲಿ ಬೇರೂರಿದ ಬಗೆಯನ್ನು ತಿಳಿಯಬೇಕಾದರೆ, ಅಲ್ಲಿಯ ಇಬ್ಬರು ಉಪಾಧ್ಯಾಯರ ಬಾಳನ್ನು ಜೊತೆಜೊತೆಯಾಗಿ ಇರಿಸಿ ನೋಡುವುದು ಒಳ್ಳೆಯದು.

ಮೊದಲನೆಯವರು ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು. ಕನ್ನಡಿಗರು ಅವರನ್ನು ಮುದ್ದಣನೆಂಬ ಹೆಸರಿನಿಂದಲೇ ಬಲ್ಲರು. ಎರಡನೆಯವರು 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ವಯಸ್ಸಿನಲ್ಲಿ ನಾಲ್ಕೇ ವರ್ಷಗಳ ಅಂತರ. ಇಬ್ಬರದೂ ಬಡತನ, ಇಬ್ಬರದೂ ಶಾಲೆಯ ಕೆಲಸ, ಇಬ್ಬರಿಗೂ ಕನ್ನಡದ ಹುಚ್ಚು. ಆದರೂ ಇಬ್ಬರ ದಾರಿಯೂ ಬೇರೆಬೇರೆಯಾಯಿತು.

ಮುದ್ದಣನವರು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ವ್ಯಾಯಾಮದ ಉಪಾಧ್ಯಾಯರು. ಹಗಲೆಲ್ಲ ಹುಡುಗರಿಗೆ ಕವಾಯತು ಕಲಿಸುವುದು, ರಾತ್ರಿ ಹಳಗನ್ನಡ ಕಾವ್ಯಗಳ ವ್ಯಾಸಂಗ. ಅವರು ಮಕ್ಕಳಿಗಾಗಿ ಬರೆದವರಲ್ಲ. ಆದರೆ ಬರೆಯಲು ಹೊರಟ ಒಬ್ಬ ಬಡ ಉಪಾಧ್ಯಾಯನಿಗೆ ಆ ಕಾಲವು ಏನನ್ನು ಕೊಟ್ಟಿತು, ಏನನ್ನು ಕೊಡಲಿಲ್ಲ ಎಂಬುದು ಅವರ ಬಾಳಿನಲ್ಲಿ ಸ್ಪಷ್ಟವಾಗಿ ಕಾಣುವುದು. ಮಳಲಿ ಸುಬ್ಬರಾಯರಂತಹ ಸಹೃದಯರೊಬ್ಬರ ಪ್ರೋತ್ಸಾಹವು ಅವರಿಗೆ ದೊರೆತುದು ನಿಜ. ಆದರೆ ಒಬ್ಬರ ಮೆಚ್ಚುಗೆಯಿಂದ ಲೋಕದ ಅಂಜಿಕೆ ಹೋಗಲಿಲ್ಲ. ಆಧುನಿಕನೊಬ್ಬನ ಹಳಗನ್ನಡವನ್ನು ಪಂಡಿತರು ಹಳಿದಾರೆಂದು ಶಂಕಿಸಿ, ಅವರು ತಮ್ಮ ಕೃತಿಗಳನ್ನು ಪ್ರಾಚೀನ ಕವಿಯೊಬ್ಬನ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿದರು. ‘ಶ್ರೀರಾಮಾಶ್ವಮೇಧ’ದಲ್ಲಿ ಕವಿಯು ಮನೋರಮೆಗೆ ಕಥೆ ಹೇಳುತ್ತಾನೆ, ಅವಳು ನಡುನಡುವೆ ತಡೆದು ಕೇಳುತ್ತಾಳೆ, ನಗುತ್ತಾಳೆ, ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದೇ ಹೇಳುತ್ತಾಳೆ. ಹೊರಗೆ ಸಿಕ್ಕದ ಕೇಳುಗರನ್ನು ಆ ಕವಿಯು ಕಾವ್ಯದೊಳಗೇ ಸೃಷ್ಟಿಸಿಕೊಂಡಂತೆ ತೋರುವುದು. ಕ್ಷಯರೋಗದಿಂದ 1901ರಲ್ಲಿ ಅವರು ತೀರಿಕೊಂಡಾಗ ಮೂವತ್ತೊಂದೇ ವರ್ಷ. ಆ ಕಾವ್ಯವು ಅವರದೇ ಎಂದು ನಾಡು ಅರಿತು ಕೊಂಡಾಡಿದುದು ಆಮೇಲೆ.

ಅತ್ತ ಮಂಗಳೂರಿನಲ್ಲಿ ಪಂಜೆಯವರಿಗೆ ಬೇರೊಂದು ಭಾಗ್ಯವು ಒದಗಿತ್ತು. ಬೆನಗಲ್ ರಾಮರಾಯರ ‘ಸುವಾಸಿನಿ’ ಮಾಸಪತ್ರಿಕೆಯಲ್ಲಿ 1900ರ ಸುಮಾರಿಗೆ ಅವರ ಕಥೆಗಳು ಬೆಳಕು ಕಂಡವು. 1841ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಮುದ್ರಣಾಲಯವು ಅದೇ ಪಟ್ಟಣದಲ್ಲಿತ್ತು. ಶಾಲೆಗಳಿಗೆ ಪಠ್ಯಪುಸ್ತಕಗಳು ಬೇಕಾಗಿದ್ದವು. ಉಳ್ಳಾಲ ಮಂಗೇಶರಾಯರು, ಎಂ. ಎನ್. ಕಾಮತರು ಮೊದಲಾದ ಬರಹಗಾರರು ಸಮೀಪದಲ್ಲಿಯೇ ಇದ್ದರು. ಪಂಜೆಯವರು ಶಾಲಾ ತನಿಖಾಧಿಕಾರಿಗಳಾಗಿ ಜಿಲ್ಲೆಯನ್ನು ಸುತ್ತಿದವರು. ಅಧಿಕಾರಿ ಬಂದರೆಂದು ನಡುಗುವ ಎಳೆಯರ ಮುಂದೆ ಹಾಡಿ, ಕಥೆ ಹೇಳಿ, ಅವರ ಭಯವನ್ನು ಬಿಡಿಸುತ್ತಿದ್ದರೆಂಬುದು ಪ್ರಸಿದ್ಧವೇ ಆಗಿದೆ. ಮಗು ಎಲ್ಲಿ ನಗುವುದು, ಎಲ್ಲಿ ಆಕಳಿಸುವುದು ಎಂಬುದನ್ನು ಕಣ್ಣಾರೆ ಕಾಣುವುದಕ್ಕಿಂತ ಮಿಗಿಲಾದ ಪರಿಶೋಧನೆ ಬಾಲಸಾಹಿತಿಗೆ ಯಾವುದಿದೆ?

ಪಂಜೆಯವರೂ ‘ಕವಿಶಿಷ್ಯ’ನೆಂಬ ಕಾವ್ಯನಾಮವನ್ನು ಇಟ್ಟುಕೊಂಡಿದ್ದರು. ಆದರೆ ಅದು ಅಂಜಿ ಅಡಗುವವನ ಹೆಸರಲ್ಲ, ವಿನಯದ ಹೆಸರು. ತಮಗೆ ದೊರೆತ ಗೆಳೆತನದ ಬಲವನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. 1920ರ ದಶಕದ ಮೊದಲಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ವನ್ನು ಕಟ್ಟಿದರು. ಮಕ್ಕಳ ಪುಸ್ತಕವೆಂಬುದು ಒಬ್ಬನ ಬಿಡುವಿನ ವಿನೋದವಲ್ಲ, ಹಲವರು ಕೂಡಿ ಹೊರಬೇಕಾದ ಹೊಣೆ ಎಂಬುದನ್ನು ಆ ಹೆಸರೇ ಸಾರುತ್ತಿತ್ತು. 1924ರಲ್ಲಿ ಅವರ ‘ಕೋಟಿ ಚೆನ್ನಯ’ ಹೊರಬಂದಿತು. ಉಡುಪಿ, ಕಾಪು, ಕಾರ್ಕಳಗಳ ಗರಡಿಗಳಲ್ಲಿ ಪೂಜೆಗೊಳ್ಳುವ ಆ ಅವಳಿ ವೀರರ ಕಥೆಯನ್ನು ಮಕ್ಕಳು ಅದುವರೆಗೆ ತುಳು ಪಾಡ್ದನಗಳಲ್ಲಿ ಕೇಳಿದ್ದರು. ಈಗ ಅದು ಕನ್ನಡದ ಪುಸ್ತಕವಾಗಿ ಅವರ ಕೈಸೇರಿತು. ತಮ್ಮ ಊರಿನ ಕಥೆಗೂ ಅಚ್ಚಿನ ಗೌರವವುಂಟೆಂಬ ಅರಿವು ಎಳೆಯ ಮನಸ್ಸಿಗೆ ಸಾಮಾನ್ಯ ಲಾಭವಲ್ಲ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಪಂಜೆಯವರಿಗೆ ಸಂದಿತು. ಎಳೆಯರಿಗಾಗಿ ಹಾಡು ಕಟ್ಟಿದವರಿಗೂ ಪಂಡಿತರ ಸಭೆಯಲ್ಲಿ ಮಣೆ ದೊರೆತುದನ್ನು ಕಂಡು ಎಷ್ಟು ಉಪಾಧ್ಯಾಯರು ಲೇಖನಿ ಹಿಡಿಯುವ ಧೈರ್ಯ ತಳೆದಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. 1937ರಲ್ಲಿ ಅವರು ದಿವಂಗತರಾದರು.

ಹಾಗೆ ಹದವಾದ ನೆಲದಲ್ಲಿ ಮುಂದಿನ ಬೆಳೆಯು ಬೇಗನೆ ಕಾಣಿಸಿತು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲಸಿ ಬಾಲವನವನ್ನು ಕಟ್ಟಿದರು. ಮಕ್ಕಳಿಗೆ ಲೋಕಜ್ಞಾನವನ್ನು ಕೊಡುವ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು 1936ರಲ್ಲಿ ಹೊರತಂದರು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರಂತಹ ಸಾರ್ವಜನಿಕ ಕಾರ್ಯಕರ್ತರ ಬೆಂಬಲ ಅವರಿಗಿತ್ತು. ಒಂಟಿ ಸಾಹಸಿಯೆಂದು ಹೆಸರಾದ ಕಾರಂತರಿಗೂ ಊರಿನ ಆಸರೆ ಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ. ಕಾಲಾನಂತರದಲ್ಲಿ ಮಣಿಪಾಲವು ಮುದ್ರಣಕ್ಕೂ ಪತ್ರಿಕೆಗೂ ನೆಲೆಯಾಯಿತು. 1970ರಲ್ಲಿ ‘ಉದಯವಾಣಿ’ ದಿನಪತ್ರಿಕೆಯು ಅಲ್ಲಿಂದ ಆರಂಭವಾಯಿತು, ಮಕ್ಕಳಿಗಾಗಿಯೇ ‘ತುಂತುರು’ ಎಂಬ ಪತ್ರಿಕೆಯೂ ಅಲ್ಲಿಂದ ಹೊರಟಿತು.

ಮುದ್ದಣನವರ ಪ್ರತಿಭೆಯು ಪಂಜೆಯವರದಕ್ಕಿಂತ ಕಡಮೆಯದೆಂದು ಯಾರೂ ಹೇಳಲಾರರು. ಕಡಮೆಯಾದುದು ಜೊತೆ. ಇಂದು ಕಾರ್ಕಳದ ಹಳ್ಳಿಯಲ್ಲಿಯೋ ಕಾಪುವಿನ ಕಡಲ ಕರೆಯಲ್ಲಿಯೋ ಶಾಲೆಯ ಮಕ್ಕಳಿಗಾಗಿ ಕಥೆಯೊಂದನ್ನು ಬರೆದು, ಯಾರಿಗೆ ತೋರಿಸಲೆಂದು ತಿಳಿಯದೆ ಮಡಚಿಟ್ಟ ಉಪಾಧ್ಯಾಯಿನಿಯೊಬ್ಬರು ಇರಲಾರರೆ? ಅವರಿಗೆ ದೊಡ್ಡ ಬಹುಮಾನವೇನೂ ಬೇಕಾಗಿಲ್ಲ. ಓದಿ ಹೇಳಿರೆಂದು ಕರೆಯುವ ಒಂದು ಮನೆ, ತಪ್ಪನ್ನು ಮರೆಮಾಚದೆ ತಿದ್ದುವ ಒಬ್ಬ ಗೆಳತಿ, ಎಳೆಯರ ಪುಸ್ತಕವನ್ನು ಕೊಂಡು ಮನೆಯಲ್ಲಿ ಗಟ್ಟಿಯಾಗಿ ಓದಿಸುವ ಹತ್ತು ಸಂಸಾರಗಳು ಇದ್ದರೆ ಸಾಕು. ಅಷ್ಟನ್ನು ಒದಗಿಸುವುದು ಯಾವ ಊರಿನ ಸಾಹಿತ್ಯ ಸಂಘಕ್ಕೂ ಅಸಾಧ್ಯವಲ್ಲ.