ಗಾಳಿಗೆ ಎದೆ ಕೊಟ್ಟವರು

ಕೋಲಾರದ ಪೇಟೆಬೀದಿಯಲ್ಲಿರುವ ಒಂದು ಸೈಕಲ್ ಷಾಪು ನನಗೆ ಸಂಜೆಯ ಶಾಲೆ. ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ಮೇಲೆ ಅಲ್ಲಿನ ಮರದ ಸ್ಟೂಲೊಂದು ನನಗೆ ಮೀಸಲಾಗಿದೆ. 2025ರ ಜುಲೈ ಕೊನೆಯ ವಾರ ಅಲ್ಲಿ ಕುಳಿತಿದ್ದೆ. ಶ್ರಾವಣ ಹುಟ್ಟಿತ್ತು, ಆಷಾಢದ ಗಾಳಿ ಮಾತ್ರ ಇನ್ನೂ ಊರು ಬಿಟ್ಟಿರಲಿಲ್ಲ. ಶ್ರೀನಿವಾಸಪುರದ ಕಡೆಯ ಹಳ್ಳಿಯ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ಬಂದ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು ಹೊತ್ತು, ಆಮೇಲೆ ಕೋಲಾರದ ಕಾಲೇಜಿಗೆ ಬರುವವನು.

“ಸಾರ್, ಪೊಗಾಚರ್ ನಾಲ್ಕನೇ ಸಲ ಟೂರ್ ದ ಫ್ರಾನ್ಸ್ ಗೆದ್ದ. ಐದನೇದೂ ಗೆದ್ದೇ ಗೆಲ್ತಾನೆ ಅಲ್ವಾ? ಅವನಷ್ಟು ಗಟ್ಟಿ ಕಾಲು ಯಾರಿಗಿದೆ?” ಎಂದ.

ಪ್ರಶ್ನೆ ಫ್ರಾನ್ಸಿನದಾದರೂ ನೋವು ಕೋಲಾರದ್ದೆಂದು ನನಗೆ ಗೊತ್ತಿತ್ತು. ಎರಡು ವಾರದ ಹಿಂದೆ ಕೋಲಾರದಿಂದ ಮುಳಬಾಗಿಲಿಗೆ ಹೋಗಿ ಹಿಂದಿರುಗುವ ಒಂದು ಸೈಕಲ್ ಪಂದ್ಯ ನಡೆದಿತ್ತು. ಮೊದಲನೆಯವನು ಇವನೇ ಎಂದು ಎಲ್ಲರೂ ಹೇಳಿಟ್ಟಿದ್ದರು. ಹೋಗುವಾಗ ಪಡುವಣ ಗಾಳಿ ಬೆನ್ನಿಗಿತ್ತು. ಬರುವಾಗ ಅದೇ ಗಾಳಿ ಎದೆಗೆ ಬಂತು. ಇವನು ಮುಳಬಾಗಿಲಿನಿಂದ ಒಂದೇ ಸಮನೆ ಎಲ್ಲರ ಮುಂದೆ ತುಳಿದ. ಮಾಲೂರಿನ ಇಬ್ಬರು ಹುಡುಗರು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಂದು, ಟಮಕದ ಹತ್ತಿರ ದಾಟಿ ಹೋದರು. ಇವನು ಮೂರನೆಯವನಾದ. ಅಂದಿನಿಂದ ಮುಖ ಬಾಡಿತ್ತು. ಈಗ ಸೈಕಲ್ ಮಾರಲು ಬಂದಿದ್ದ.

ಅಂಗಡಿಯ ಸಾಹೇಬರು ಚಕ್ರದ ಕಡ್ಡಿ ಬಿಗಿಯುತ್ತಲೇ, “ನೀನು ಗಾಳಿ ಕುಡಿದೆ ಬೇಟಾ, ಅವರು ನಿನ್ನ ನೆರಳು ಕುಡಿದರು. ಮೇಷ್ಟ್ರೇ, ನೀವೇ ಹೇಳಿ” ಎಂದರು. ನಾನು ಹೇಳಿದ್ದನ್ನು ಇಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ.

ಟೂರ್ ದ ಫ್ರಾನ್ಸ್ ಹುಟ್ಟಿದ್ದು 1903ರಲ್ಲಿ, ‘ಲೋತೊ’ ಎಂಬ ಪತ್ರಿಕೆಯ ಮಾರಾಟ ಹೆಚ್ಚಿಸುವುದಕ್ಕಾಗಿ. ಆರು ಹಂತ, 2,428 ಕಿಲೋಮೀಟರು. ಹೊರಟವರು 60 ಮಂದಿ, ಮುಗಿಸಿದವರು 21. ಗೆದ್ದ ಮೊರಿಸ್ ಗಾರಾಂಗೂ ಎರಡನೆಯವನಿಗೂ ನಡುವೆ ಎರಡೂವರೆ ಗಂಟೆಗೂ ಹೆಚ್ಚು ಅಂತರ. ಇಂದು 21 ಹಂತಗಳು, ಮೂರು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಪ್ರತಿದಿನದ ಕಾಲವನ್ನು ಕೂಡಿಸುತ್ತ ಹೋಗಿ, ಕೊನೆಗೆ ಯಾರ ಮೊತ್ತ ಕಡಿಮೆಯೋ ಅವನು ಗೆದ್ದವನು. ಒಂದು ದಿನ ಮೊದಲು ಬರುವುದು ಬೇರೆ, ಮೂರು ವಾರ ಒಂದು ದಿನವೂ ಕೆಡದೆ ಉಳಿಯುವುದು ಬೇರೆ.

ಪತ್ರಿಕೆಯ ಸಂಪಾದಕ ಆಂರಿ ದೆಗ್ರಾಂಜನಿಗೆ ಒಂದು ಹಠವಿತ್ತು: ಸವಾರ ತನ್ನ ಬಲದಿಂದಲೇ ಗೆಲ್ಲಬೇಕು, ಇನ್ನೊಬ್ಬರ ಕೈ ತಾಗಬಾರದು. ಈ ಹಠಕ್ಕೆ ಬಲಿಯಾದವನು ಯೂಜೆನ್ ಕ್ರಿಸ್ತೋಫ್. 1912ರಲ್ಲಿ ಎರಡನೆಯವನಾಗಿದ್ದ ಅವನಿಗೆ 1913ರಲ್ಲಿ ಗೆಲುವು ಕೈಗೆ ಬಂದಂತೆಯೇ ಇತ್ತು. ಪಿರನೀಸ್ ಪರ್ವತದ ತುರ್ಮಾಲೆ ಕಣಿವೆಯನ್ನು ಇಳಿಯುವಾಗ ಸೈಕಲಿನ ಮುಂದಿನ ಫೋರ್ಕು ಮುರಿಯಿತು. ಸೈಕಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್ ಮಾರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆ ಸೇರಿದ. ಕಮ್ಮಾರ ಮುಟ್ಟುವಂತಿಲ್ಲ, ಕಬ್ಬಿಣ ಕಾಯಿಸಿ, ಬಡಿದು, ಬೆಸೆಯುವ ಕೆಲಸವೆಲ್ಲ ಕ್ರಿಸ್ತೋಫನದೇ. ಪಂದ್ಯದ ಅಧಿಕಾರಿಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎರಡು ಕೈಯೂ ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೇ ಕಾಲದ ದಂಡ ಬಿತ್ತು! ಅಂದು ಅವನು ಕಳೆದುಕೊಂಡದ್ದು ಸುಮಾರು ನಾಲ್ಕು ಗಂಟೆ. ಮುಂದಿದ್ದವರನ್ನು ಮತ್ತೆ ಹಿಡಿಯುವ ಮಾತೇ ಇರಲಿಲ್ಲ.

1919ರಲ್ಲಿ ಪಂದ್ಯದಲ್ಲಿ ಮುಂದಿರುವವನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂತು. ಅದನ್ನು ಮೊದಲು ತೊಟ್ಟವನು ಈ ಕ್ರಿಸ್ತೋಫನೇ. ಗೆಲುವಿಗೆ ಎರಡೇ ಹಂತ ಉಳಿದಿತ್ತು. ಆಗ ವಾಲೆನ್ಸಿಯೆನ್ ಊರಿನಲ್ಲಿ ಮತ್ತೆ ಫೋರ್ಕು ಮುರಿಯಿತು, ಅಂಗಿಯೂ ಹೋಯಿತು. ಅವನು ಮೂರನೆಯವನಾದ. ಟೂರನ್ನು ಎಂದೂ ಗೆಲ್ಲಲಿಲ್ಲ. ಕಾಲಿನಲ್ಲಿ ಕೊರತೆಯಿರಲಿಲ್ಲ, ಫೋರ್ಕು ಮುರಿದಾಗ ಕೈಗೆ ಕೈ ಕೊಡುವವರು ಯಾರೂ ಇರಕೂಡದೆಂಬುದೇ ನಿಯಮವಾಗಿತ್ತು.

ನಿಯಮ ಕ್ರಮೇಣ ಸಡಿಲವಾಯಿತು. 1930ರಲ್ಲಿ ರಾಷ್ಟ್ರೀಯ ತಂಡಗಳು ಬಂದವು. ಒಬ್ಬರಿಗಾಗಿ ಒಬ್ಬರು ದುಡಿಯುವುದು ಬಹಿರಂಗವಾಯಿತು. 1934ರಲ್ಲಿ ಇಪ್ಪತ್ತು ವರ್ಷದ ರೆನೆ ವಿಯೆತ್ತೊ ಬೆಟ್ಟದ ಹಂತಗಳಲ್ಲಿ ಗೆಲ್ಲುತ್ತ ಫ್ರಾನ್ಸಿನ ಕಣ್ಮಣಿಯಾಗಿದ್ದ. ತಂಡದ ನಾಯಕ, ಹಳದಿ ಅಂಗಿಯ ಆಂತೊನಾಂ ಮಾನ್, ಪಿರನೀಸಿನ ಇಳಿಜಾರಿನಲ್ಲಿ ಚಕ್ರ ಮುರಿದುಕೊಂಡ. ವಿಯೆತ್ತೊ ತನ್ನ ಮುಂದಿನ ಚಕ್ರ ಕಳಚಿ ಕೊಟ್ಟು, ಬದಲಿ ಚಕ್ರಕ್ಕೆ ಕಾಯುತ್ತ ದಾರಿಯಲ್ಲೇ ಉಳಿದ. ಕಲ್ಲುಗೋಡೆಯ ಮೇಲೆ ಕುಳಿತು ಅಳುವ ಅವನ ಚಿತ್ರ ಇಂದಿಗೂ ಪ್ರಸಿದ್ಧ. ಮರುದಿನ ಮತ್ತೆ ಮಾನ್‌ನ ಸೈಕಲ್ ಕೆಟ್ಟಿತು. ಮುಂದೆ ಹೋಗಿದ್ದ ವಿಯೆತ್ತೊ ಹಿಂದಿರುಗಿ ಬೆಟ್ಟ ಹತ್ತಿ ಬಂದು ತನ್ನ ಸೈಕಲನ್ನೇ ಕೊಟ್ಟ. ಮಾನ್ ಗೆದ್ದ, ವಿಯೆತ್ತೊ ಐದನೆಯವನಾದ. ಚಕ್ರ ಕೊಡದಿದ್ದರೆ ಅವನೇ ಗೆಲ್ಲುತ್ತಿದ್ದನೆಂದು ಹೇಳುವುದು ಅತಿಶಯ. ಮೊದಲ ಸಮನೆಲದ ಹಂತಗಳಲ್ಲೇ ಅವನು ಬಹಳ ಹಿಂದೆ ಬಿದ್ದಿದ್ದ. ಆದರೆ ಆ ಚಕ್ರ ಇಲ್ಲದಿದ್ದರೆ ಮಾನ್‌ನ ಗತಿ ಏನಾಗುತ್ತಿತ್ತೆಂದು ಕೇಳುವುದು ಅತಿಶಯವಲ್ಲ.

ಇನ್ನು ಪೊಗಾಚರ್. ಸ್ಲೊವೇನಿಯದ ಈ ತಾದೇಯ್ ಪೊಗಾಚರ್ 2020ರಲ್ಲಿ ಮೊದಲ ಸಲ ಗೆದ್ದ ಬಗೆ ಬೆರಗಿನದು. ಕೊನೆಗೆ ಎರಡು ದಿನ ಉಳಿದಾಗ ಅವನದೇ ದೇಶದ ಪ್ರಿಮೊಜ್ ರೊಗ್ಲಿಚ್ 57 ಸೆಕೆಂಡು ಮುಂದಿದ್ದ. ಅಂದಿನದು ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತ. ಯಾರ ಮರೆಯೂ ಇಲ್ಲ. ಪೊಗಾಚರ್ ಅಂದು 1 ನಿಮಿಷ 56 ಸೆಕೆಂಡು ಗಳಿಸಿ, 59 ಸೆಕೆಂಡಿನಿಂದ ಟೂರನ್ನೇ ಗೆದ್ದ. 2021ರಲ್ಲಿ ಮತ್ತೆ ಗೆದ್ದ. 2022ರಲ್ಲಿ ಮೂರನೆಯದೂ ಅವನದೇ ಎಂದು ಜನ ಮಾತಾಡಿಕೊಂಡರು.

ಆದರೆ ಆಲ್ಪ್ಸ್ ಪರ್ವತದ ಒಂದು ಹಂತದಲ್ಲಿ ರೊಗ್ಲಿಚ್ ಮತ್ತು ಅವನ ತಂಡದ ಡೇನಿಷ್ ಸವಾರ ಯೋನಾಸ್ ವಿಂಗೆಗಾರ್ಡ್ ಸರದಿಯ ಮೇಲೆ ನುಗ್ಗತೊಡಗಿದರು. ಒಬ್ಬ ನುಗ್ಗಿದರೆ ಪೊಗಾಚರ್ ಅಟ್ಟಿ ಹಿಡಿಯುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬ ನುಗ್ಗುತ್ತಿದ್ದ. ಕೊನೆಯ ಗ್ರಾನೊನ್ ಏರಿನಲ್ಲಿ ಪೊಗಾಚರ್ ಸೋತುಹೋದ. ವಿಂಗೆಗಾರ್ಡ್ ಅಂದು ಹಳದಿ ಅಂಗಿ ಪಡೆದು ಪ್ಯಾರಿಸಿನವರೆಗೂ ಬಿಡಲಿಲ್ಲ. ರೊಗ್ಲಿಚ್ ಕೆಲವೇ ದಿನಗಳಲ್ಲಿ ಪಂದ್ಯ ಬಿಟ್ಟ. ಎರಡು ವರ್ಷದ ಹಿಂದೆ 59 ಸೆಕೆಂಡಿನಿಂದ ತಾನು ಕಳೆದುಕೊಂಡದ್ದನ್ನು ಜೊತೆಗಾರನ ಪಾಲಿಗೆ ಸಂಪಾದಿಸಿ ಕೊಡುವುದರಲ್ಲಿ ಅವನ ಕೈಯೂ ಇತ್ತು. 2023ರ ಏಪ್ರಿಲಿನಲ್ಲಿ ಪೊಗಾಚರನ ಮಣಿಕಟ್ಟು ಮುರಿಯಿತು. ಆ ವರ್ಷವೂ ವಿಂಗೆಗಾರ್ಡನೇ ಗೆದ್ದ. ಅದೇ ಪೊಗಾಚರ್ 2024ರಲ್ಲಿ, 2025ರಲ್ಲಿ ತಂಡದೊಡನೆ ಮರಳಿ ಬಂದು ಗೆದ್ದ.

ಎದುರುಗಾಳಿಯಲ್ಲಿ ಮುಂದಿನವನ ಮರೆಯಲ್ಲಿ ತುಳಿಯುವವನಿಗೆ ಕಾಲುಭಾಗಕ್ಕೂ ಮೀರಿ ಶ್ರಮ ಉಳಿಯುತ್ತದೆ. ಇಂದು ಒಂದೊಂದು ತಂಡದಲ್ಲಿ ಎಂಟು ಜನ. ಒಬ್ಬ ಗೆಲ್ಲಬೇಕಾದರೆ ಏಳು ಜನ ಗಾಳಿಗೆ ಎದೆ ಕೊಡಬೇಕು. ಹೀಗಾಗಿ ಮುಂಚೂಣಿಯವನ ಗೆಲುವಿನ ಸಂಭವವನ್ನು ಅವನ ತೊಡೆ ನೋಡಿ ಅಳೆಯಲಾಗುವುದಿಲ್ಲ. ಅವನ ಮುಂದೆ ಯಾರಿದ್ದಾರೆ, ಚಕ್ರ ಮುರಿದರೆ ಯಾರು ಕೊಡುತ್ತಾರೆ ಎಂದು ಮೊದಲು ನೋಡಬೇಕು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಸಾರ್, ಟಮಕದ ಹತ್ರ ಆ ಮಾಲೂರಿನವರಲ್ಲಿ ಒಬ್ಬ ಜೋರಾಗಿ ಎಳೆದು, ಆಮೇಲೆ ಪಕ್ಕಕ್ಕೆ ಸರಿದು ಇನ್ನೊಬ್ಬನ್ನ ಮುಂದೆ ಬಿಟ್ಟ. ಅವನಿಗೆ ಸುಸ್ತಾಯ್ತು ಅಂದ್ಕೊಂಡಿದ್ದೆ” ಎಂದ.

“ಅವನು ಎರಡನೆಯವನಾದನಲ್ಲ?”

“ಹೌದು ಸಾರ್. ಕಪ್ಪು ಇನ್ನೊಬ್ಬನಿಗೆ ಬಂತು.”

ಸಾಹೇಬರು ಚಕ್ರ ತಿರುಗಿಸಿ ನೋಡಿದರು, ಅಲುಗಾಡದೆ ತಿರುಗಿತು. “ಮಾರ್ತೀಯಾ?” ಎಂದು ಕೇಳಿದರು. ಹುಡುಗ ತಲೆಯಾಡಿಸಿದ. ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಬೇಕಲ್ಲ ಎಂದ. ಬೀದಿಗೆ ಇಳಿಯುವ ಮುನ್ನ ಹಿಂದಿರುಗಿ, “ಮುಂದಿನ ಪಂದ್ಯಕ್ಕೆ ನಮ್ಮೂರಿನ ಇನ್ನಿಬ್ಬರಿಗೆ ಸೈಕಲ್ ಬೇಕು ಸಾಹೇಬರೇ, ಹಳೇದಾದರೂ ಪರವಾಗಿಲ್ಲ” ಎಂದ.