ಅರ್ಥಶಾಸ್ತ್ರದಲ್ಲಿ ಗೃಹನಿರ್ಮಾಣ ಮತ್ತು ಅಗ್ನಿರಕ್ಷಣೆಯ ದಂಡವಿಧಿಗಳು

ಪ್ರಾಚೀನ ಭಾರತದ ದಂಡನೀತಿಯೆಂದೊಡನೆ ಕಳವು, ಕೊಲೆ, ರಾಜದ್ರೋಹಗಳಿಗೆ ವಿಧಿಸುತ್ತಿದ್ದ ಶಿಕ್ಷೆಗಳೇ ನಮ್ಮ ನೆನಪಿಗೆ ಬರುತ್ತವೆ. ಒಲೆಯನ್ನು ಎಲ್ಲಿ ಹೂಡಬೇಕು, ಮನೆಯಲ್ಲಿ ಎಷ್ಟು ನೀರಿನ ಕೊಡಗಳಿರಬೇಕು ಎಂಬ ದಿನಬಳಕೆಯ ಸಂಗತಿಗಳಲ್ಲಿ ತಪ್ಪಿದವರಿಗೂ ಶಾಸ್ತ್ರಕಾರರು ದಂಡವನ್ನು ಹೇಳಿದ್ದರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಂಥ ವಿಧಿಗಳು ಎರಡು ಕಡೆ ಬರುತ್ತವೆ: ಎರಡನೆಯ ಅಧಿಕರಣದಲ್ಲಿ ನಗರಾಧಿಕಾರಿಯಾದ 'ನಾಗರಿಕ'ನ ಕರ್ತವ್ಯಗಳನ್ನು ಹೇಳುವಾಗ, ಮತ್ತು ಮೂರನೆಯ ಅಧಿಕರಣದಲ್ಲಿ ಮನೆ ನಿವೇಶನಗಳ ವ್ಯವಹಾರವನ್ನು ಹೇಳುವಾಗ. ಇವೆರಡನ್ನೂ ಒಟ್ಟಿಗಿಟ್ಟು, ಅವುಗಳ ಹಿಂದಿನ ತತ್ತ್ವವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಗ್ರಂಥದ ಓಲೆಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ 1909ರಲ್ಲಿ ಮುದ್ರಿತವಾಯಿತು. ಇದು ಮೌರ್ಯರ ಕಾಲದ್ದೆಂಬುದು ಸಾಂಪ್ರದಾಯಿಕ ಮತ. ಈಗಿನ ರೂಪವು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸಿದ್ಧವಾಯಿತೆಂದು ಇತ್ತೀಚಿನ ಅನೇಕ ವಿದ್ವಾಂಸರು ಭಾವಿಸುತ್ತಾರೆ. ಆದುದರಿಂದ ಚಂದ್ರಗುಪ್ತನ ರಾಜಧಾನಿಯಲ್ಲಿ ಈ ವಿಧಿಗಳೇ ನಡೆಯುತ್ತಿದ್ದವೆಂದು ನಾವು ಹೇಳಲಾರೆವು. ಆದರೆ ಬೆಂಕಿಯ ಭಯವು ಕೇವಲ ಶಾಸ್ತ್ರದ ಕಲ್ಪನೆಯಲ್ಲ. ಪಾಟಲೀಪುತ್ರಕ್ಕೆ ಮರದ ಪ್ರಾಕಾರವಿತ್ತೆಂದು ಮೆಗಾಸ್ತನೀಸನು ಹೇಳಿದ್ದಾನೆ; ಪಾಟ್ನದ ಬುಲಂದಿಬಾಗಿನ ಉತ್ಖನನದಲ್ಲಿ ಅಂಥ ಮರದ ರಚನೆಯ ಅವಶೇಷಗಳು ದೊರೆತಿವೆ. ಅರ್ಥಶಾಸ್ತ್ರಕಾರನಾದರೋ ಬೆಂಕಿಗೆ ಹೆದರಿಯೇ ಮರದ ಪ್ರಾಕಾರವನ್ನು ನಿಷೇಧಿಸುತ್ತಾನೆ.

ಇನ್ನು ದಂಡಗಳನ್ನು ನೋಡೋಣ. ಬೇಸಗೆಯಲ್ಲಿ ಹಗಲಿನ ನಡುವಣ ಎರಡು ಭಾಗಗಳಲ್ಲಿ ಮನೆಯೊಳಗೆ ಬೆಂಕಿ ಹೊತ್ತಿಸಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಅಡುಗೆಯನ್ನು ಹೊರಗೆ ಮಾಡಿಕೊಳ್ಳಬಹುದು. ಐದು ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಮೊದಲಾದ ಸಲಕರಣೆಗಳನ್ನು ಇಡದಿದ್ದರೆ ಕಾಲು ಪಣ. ಹುಲ್ಲು ಚಾಪೆಗಳ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯಿಂದ ಕಸುಬು ನಡೆಸುವವರನ್ನು ಒಂದೆಡೆ ನೆಲೆಗೊಳಿಸಬೇಕು. ನೆರೆಮನೆಯಿಂದ ಗೊತ್ತಾದ ಅಂತರವನ್ನು ಬಿಡದೆ ಒಲೆಯನ್ನೋ ಬೀಸುವ ಯಂತ್ರವನ್ನೋ ಹೂಡಿದವನಿಗೆ 24 ಪಣ. ಉರಿಯುವ ಮನೆಯ ಕಡೆಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆದಾರನಿಗೆ 6 ಪಣ. ಅಜಾಗರೂಕತೆಯಿಂದ ಬೆಂಕಿ ಹತ್ತಿಸಿದವನಿಗೆ 54 ಪಣ. ಬೇಕೆಂದೇ ಕಿಚ್ಚಿಟ್ಟವನಿಗೆ ಬೆಂಕಿಯಿಂದಲೇ ವಧೆ.

ಈ ಮೊತ್ತಗಳ ಭಾರವನ್ನು ತಿಳಿಯಲು ಅದೇ ಗ್ರಂಥದ ವೇತನಪಟ್ಟಿಯು ನೆರವಾಗುತ್ತದೆ. ಅಲ್ಲಿ ಅತಿ ಕೆಳಗಿನ ಪರಿಚಾರಕರಿಗೆ ವರ್ಷಕ್ಕೆ 60 ಪಣ ಹೇಳಿದೆ. ಈ ಲೆಕ್ಕದಲ್ಲಿ ಕೊಡವಿಡದ ತಪ್ಪಿಗೆ ಒಂದೂವರೆ ದಿನದ ಸಂಬಳ; ಅಜಾಗರೂಕತೆಗೆ ಸುಮಾರು ಹನ್ನೊಂದು ತಿಂಗಳ ಸಂಬಳ. ತಪ್ಪು ಬೆಳೆದಂತೆ ದಂಡವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹವಾದುದು. ಬೆಂಕಿ ಬಿದ್ದಾಗ ಸುಮ್ಮನಿದ್ದ ಒಡೆಯನಿಗಿಂತ ಒಲೆಯನ್ನು ತಪ್ಪು ಜಾಗದಲ್ಲಿ ಕಟ್ಟಿದವನು ಇಮ್ಮಡಿ ದಂಡವನ್ನು ತೆರುತ್ತಾನೆ. ಅಂತರದ ವಿಧಿಯು ನೆರೆಹೊರೆಯವರ ಎಲ್ಲ ಬಗೆಯ ತೊಂದರೆಗಳಿಗೂ ಸಂಬಂಧಿಸಿದ್ದು ನಿಜ. ಆದರೂ ನಿತ್ಯವೂ ಉಳಿಯುವ ಅಪಾಯವನ್ನು ಒಂದು ದಿನದ ಉದಾಸೀನಕ್ಕಿಂತ ದೊಡ್ಡದೆಂದು ಎಣಿಸಿದ್ದು ಸ್ಪಷ್ಟ. ಅಲ್ಲದೆ ದಂಡವು ಮನೆವಾರ್ತೆಯವರಿಗೇ ಮುಗಿಯುವುದಿಲ್ಲ. ನೀರಿನ ತಾಣ, ದಾರಿ, ಪ್ರಾಕಾರಗಳನ್ನು ನಾಗರಿಕನು ದಿನವೂ ಪರೀಕ್ಷಿಸಬೇಕು. ರಾತ್ರಿ ಕಂಡ ದೋಷವನ್ನು ತಿಳಿಸದ ಕಾವಲುಗಾರನೂ ದಂಡಾರ್ಹನು.

ಈ ವ್ಯವಸ್ಥೆಯನ್ನು ನಾವು ಆದರ್ಶವೆಂದು ಹೊಗಳುತ್ತಿಲ್ಲ. ಸುಡುವ ಶಿಕ್ಷೆಯು ಕ್ರೂರವಾದುದು. ಹುಲ್ಲಿನ ಹೊದಿಕೆಯನ್ನು ಕಿತ್ತ ಮೇಲೆ ಬಡವನು ಏನನ್ನು ಹೊದಿಸಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಆದರೆ ಹೆಚ್ಚಿನ ದಂಡಗಳು ಬೆಂಕಿ ಬೀಳುವ ಮುನ್ನವೇ, ಮನೆಬಾಗಿಲಲ್ಲೇ ಸಲ್ಲತಕ್ಕವು ಎಂಬುದನ್ನು ಮರೆಯಲಾಗದು.

ನಮ್ಮ ಕಾಲದಲ್ಲಿ ಈ ಕ್ರಮವು ತಿರುವುಮುರುವಾಗಿದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನರು ಸತ್ತರು. ಬಾಲ್ಕನಿಯಲ್ಲಿ ಹೆಚ್ಚು ಆಸನಗಳನ್ನು ಹಾಕಿ ಹೊರದಾರಿಯನ್ನು ಮುಚ್ಚಿದ್ದರೆಂಬುದು ವಿಚಾರಣೆಯಲ್ಲಿ ತಿಳಿದುಬಂದಿತು. ಮಾಲೀಕರಿಬ್ಬರಿಗೆ ಸರ್ವೋಚ್ಚ ನ್ಯಾಯಾಲಯವು ಒಟ್ಟು 60 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿದ್ದು 2015ರಲ್ಲಿ, ಹದಿನೆಂಟು ವರ್ಷಗಳ ಮೇಲೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು 9 ಜನರು ಸತ್ತುದನ್ನೂ ನಾವು ಮರೆತಿಲ್ಲ. ಪ್ರತಿ ದುರಂತದ ಬಳಿಕವೂ ದಂಡವನ್ನು ಬಲಪಡಿಸಬೇಕೆಂಬ ಕೂಗು ಏಳುವುದು ಸಹಜವೇ. ಆದರೆ ಬಲವೆಂದರೆ ಮೊತ್ತದ ಹೆಚ್ಚಳವೊಂದೇ ಅಲ್ಲ. ಹೊರದಾರಿಗೆ ಅಡ್ಡಲಾಗಿ ಮೊದಲ ಆಸನವನ್ನು ಹಾಕಿದ ದಿನವೇ ಮಾಲೀಕನಿಗೂ, ಅದನ್ನು ಕಂಡು ಸುಮ್ಮನಿದ್ದ ಪರೀಕ್ಷಕನಿಗೂ ತಪ್ಪದೆ ಬೀಳುವ ಸಣ್ಣ ದಂಡವು, ಬೂದಿಯ ಮೇಲೆ ವಿಧಿಸುವ ಕೋಟಿಗಳಿಗಿಂತ ಬಲವಾದುದು. ಕಾಲು ಪಣದ ವಿಧಿಯಿಂದ ನಾವು ಕಲಿಯಬಹುದಾದುದು ಇಷ್ಟೇ.